ಪವಾಡಕ್ಕೆ ಸಹಜ ವಿವರಣೆ: ಯಾವಾಗ ವಿಜ್ಞಾನ, ಯಾವಾಗ ಬರಿಯ ಊಹೆ?

'ಇದರ ಹಿಂದೆ ಏನಾದರೂ ವೈಜ್ಞಾನಿಕ ಕಾರಣ ಇರಲೇಬೇಕು, ಅಲ್ಲವೇ ಸಾರ್?' ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ನೀವು ಪಾಠ ಹೇಳುವವರಾದರೆ ಈ ಪ್ರಶ್ನೆಯನ್ನು ಒಂದಲ್ಲ ಒಂದು ದಿನ ಎದುರಿಸಿಯೇ ಇರುತ್ತೀರಿ. ಊರಹಬ್ಬದ ಕೊಂಡ, ತಲಕಾಡಿನ ಮರಳು, ಪುರಾಣದ ಪವಾಡ, ಯಾವುದರ ಮಾತು ಬಂದರೂ ಕೊನೆಗೆ ಈ ಪ್ರಶ್ನೆ ಬರುತ್ತದೆ. ಕೇಳುವ ವಿದ್ಯಾರ್ಥಿಯ ಉದ್ದೇಶ ಒಳ್ಳೆಯದೇ. ಪವಾಡವನ್ನು ಹಾಗೆಯೇ ನುಂಗಲು ಅವನಿಗೆ ಇಷ್ಟವಿಲ್ಲ, ಕಾರಣ ಬೇಕು. ಆದರೆ ನಾವು ಅವಸರದಲ್ಲಿ ಕೊಡುವ ಉತ್ತರ ಎಷ್ಟೋ ಸಲ ವಿಜ್ಞಾನವೇ ಆಗಿರುವುದಿಲ್ಲ.

ಈ ಅವಸರ ನಮ್ಮಲ್ಲಿ ಮಾತ್ರ ಇರುವುದಲ್ಲ. ಯೆಹೂದ್ಯರ ಹೀಬ್ರೂ ಧರ್ಮಗ್ರಂಥದಲ್ಲಿ, ಅಂದರೆ ಕ್ರೈಸ್ತರು ಹಳೆಯ ಒಡಂಬಡಿಕೆ ಎಂದು ಕರೆಯುವ ಭಾಗದಲ್ಲಿ, ಅನೇಕ ಪವಾಡಗಳಿವೆ. ಸಮುದ್ರ ಇಬ್ಭಾಗವಾಗಿ ದಾರಿ ಬಿಡುತ್ತದೆ, ನೈಲ್ ನದಿಯ ನೀರು ರಕ್ತವಾಗುತ್ತದೆ, ಕೋಟೆ ತಾನಾಗಿ ಕುಸಿಯುತ್ತದೆ. ಇವಕ್ಕೆ ಗಾಳಿ, ಪಾಚಿ, ಭೂಕಂಪ ಮುಂತಾದ ಸಹಜ ಕಾರಣಗಳನ್ನು ಹುಡುಕುವ ಸಾಹಿತ್ಯ ಒಂದು ಗ್ರಂಥಾಲಯವನ್ನೇ ತುಂಬುವಷ್ಟಿದೆ. ಅದನ್ನು ನಮ್ಮ ಊರಿನ ಪವಾಡಗಳ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪವಾಡ ಎಂದು ಕರೆಯುವ ಎಲ್ಲವೂ ಒಂದೇ ಜಾತಿಯವಲ್ಲ. ಕೆಲವು ಕಣ್ಣೆದುರು ನಡೆಯುವ ಘಟನೆಗಳು. ಕೆಲವಕ್ಕೆ ನೆಲದಲ್ಲಿ ಕುರುಹು ಉಳಿದಿದೆ. ಇನ್ನು ಕೆಲವು ಬರಿಯ ಕಥೆಗಳು. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಾಗಲೇ ತಪ್ಪು ಆರಂಭವಾಗುತ್ತದೆ.

ಕೊಂಡ: ಕಣ್ಣೆದುರಿನ ಘಟನೆ

ಕೊಂಡ ಹಾಯುವುದನ್ನು ನೀವು ನೋಡಿರುತ್ತೀರಿ. ಸೌದೆ ಉರಿದು ಕೆಂಡವಾದ ಮೇಲೆ ಹರಕೆ ಹೊತ್ತವರು ಬರಿಗಾಲಲ್ಲಿ ಅದರ ಮೇಲೆ ನಡೆದುಹೋಗುತ್ತಾರೆ. ಬಹುಮಂದಿಗೆ ಸುಡುವುದಿಲ್ಲ, ಕೆಲವರಿಗೆ ಸುಡುತ್ತದೆ, ಆಯತಪ್ಪಿ ಬಿದ್ದವರಿಗೆ ಗಂಭೀರ ಗಾಯಗಳೂ ಆಗುತ್ತವೆ. ಇಲ್ಲಿ ಘಟನೆ ನಡೆಯುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಬೇಕಾದರೆ ಉಷ್ಣತೆ ಅಳೆಯಬಹುದು, ಹೆಜ್ಜೆ ಎಣಿಸಬಹುದು, ಮತ್ತೆ ಮತ್ತೆ ನೋಡಬಹುದು.

ಎರಡು ವಸ್ತುಗಳು ಮುಟ್ಟಿಕೊಂಡಾಗ ಅವುಗಳ ನಡುವಿನ ಮೇಲ್ಮೈ ಎಷ್ಟು ಬಿಸಿಯಾಗುತ್ತದೆ? ಅದು ಕೇವಲ ಅವುಗಳ ಉಷ್ಣತೆಯನ್ನು ಅವಲಂಬಿಸಿಲ್ಲ. ಉಷ್ಣವಾಹಕತೆ, ಸಾಂದ್ರತೆ, ವಿಶಿಷ್ಟೋಷ್ಣ, ಈ ಮೂರರ ಗುಣಲಬ್ಧದ ವರ್ಗಮೂಲವೂ ಲೆಕ್ಕಕ್ಕೆ ಬರುತ್ತದೆ. ಅಂತರರಾಷ್ಟ್ರೀಯ ಮಾನಗಳಲ್ಲಿ ಈ ಸಂಖ್ಯೆ ಚರ್ಮಕ್ಕೆ ಸುಮಾರು 1200, ಇದ್ದಿಲಿಗೆ ಸುಮಾರು 150, ಕಬ್ಬಿಣಕ್ಕೆ ಸುಮಾರು 14,000 ಎಂದು ಇಟ್ಟುಕೊಳ್ಳಿ. 600 ಡಿಗ್ರಿ ಸೆಲ್ಸಿಯಸ್‌ನ ಕೆಂಡದ ಮೇಲೆ 35 ಡಿಗ್ರಿಯ ಪಾದ ಇಟ್ಟರೆ ಮುಟ್ಟಿದ ಜಾಗದ ಉಷ್ಣತೆ 100 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಷ್ಟೇ ಕಾದ ಕಬ್ಬಿಣದ ತಗಡಿನ ಮೇಲೆ ಇಟ್ಟರೆ 550 ಡಿಗ್ರಿ ಮೀರುತ್ತದೆ! ಕೆಂಡದ ಮೇಲೆ ಬೂದಿಯ ಹೊದಿಕೆ ಬೇರೆ ಇರುತ್ತದೆ. ಪ್ರತಿ ಹೆಜ್ಜೆಯೂ ಒಂದು ಸೆಕೆಂಡಿಗಿಂತ ಕಡಿಮೆ ಕಾಲ ತಾಗುತ್ತದೆ. ಪಾದ ಬೇಯುವಷ್ಟು ಶಾಖ ಒಳಗೆ ಹೋಗುವ ಮೊದಲೇ ಕಾಲು ಎತ್ತಿ ಆಗಿರುತ್ತದೆ.

ಈ ವಿವರಣೆ ತನ್ನನ್ನು ತಾನೇ ಪರೀಕ್ಷೆಗೆ ಒಡ್ಡುತ್ತದೆ. ಇದು ಸರಿಯಾದರೆ ಭಕ್ತಿ ಇಲ್ಲದವರಿಗೂ ಕೆಂಡ ಹಾಯಲು ಸಾಧ್ಯವಾಗಬೇಕು. ನಿಂತವರಿಗೆ, ಬಿದ್ದವರಿಗೆ ಸುಡಬೇಕು. ಲೋಹದ ಚೂರು ತುಳಿದರೆ ಭಕ್ತರಿಗೂ ಸುಡಬೇಕು. 1935ರಲ್ಲಿ ಇಂಗ್ಲೆಂಡಿನಲ್ಲಿ ಹ್ಯಾರಿ ಪ್ರೈಸ್ ಅವರ ನೇತೃತ್ವದಲ್ಲಿ ಕಾಶ್ಮೀರದ ಖುದಾ ಬಕ್ಷ್ ಅವರ ಕೆಂಡದ ನಡಿಗೆಯನ್ನು ಪರೀಕ್ಷಿಸಿದರು. ಕೆಂಡದ ಮೇಲ್ಮೈ ಉಷ್ಣತೆ ಸುಮಾರು 430 ಡಿಗ್ರಿ ಇತ್ತು. ಮುಂದಿನ ಪ್ರಯೋಗಗಳಲ್ಲಿ ಯಾವ ವ್ರತವನ್ನೂ ಮಾಡದ ಇಂಗ್ಲಿಷ್ ಸ್ವಯಂಸೇವಕರೂ ಕೆಂಡ ಹಾಯ್ದರು. ಹೀಗೆ ಭವಿಷ್ಯ ನುಡಿದು ಗೆಲ್ಲುವುದು ವಿವರಣೆಯ ಲಕ್ಷಣ. (ಶಾಲೆಯಲ್ಲಿ ಇದನ್ನು ಖಂಡಿತ ಮಾಡಿ ನೋಡಬೇಡಿ, ಲೆಕ್ಕ ಮಾತ್ರ ಮಾಡಿಸಿ.)

1995ರ ಸೆಪ್ಟೆಂಬರ್ 21ರಂದು ದೇಶದಾದ್ಯಂತ ಗಣಪತಿ ಹಾಲು ಕುಡಿದ ಸುದ್ದಿಯೂ ಇದೇ ಜಾತಿಯದು. ಚಮಚ ವಿಗ್ರಹಕ್ಕೆ ತಾಗಿದಾಗ ಮೇಲ್ಮೈ ಎಳೆತದಿಂದ ಹಾಲು ಹೊರಬಂದು, ಕಲ್ಲಿನ ಮೇಲೆ ತೆಳುವಾದ ಪದರವಾಗಿ ಇಳಿದುಹೋಗುತ್ತಿತ್ತು. ಬಣ್ಣ ಬೆರೆಸಿದ ಹಾಲು ಇಳಿಯುವ ದಾರಿಯನ್ನು ತೋರಿಸಿಕೊಟ್ಟಿತು.

ಈಗ ಹೀಬ್ರೂ ಗ್ರಂಥದ ದಾನಿಯೇಲನ ಕಥೆಗೆ ಬನ್ನಿ. ಬ್ಯಾಬಿಲೋನಿನ ಅರಸ ಮೂವರು ಯುವಕರನ್ನು ಧಗಧಗಿಸುವ ಕುಲುಮೆಗೆ ಎಸೆಯುತ್ತಾನೆ. ಅವರು ಕೂದಲೂ ಕೊಂಕದೆ ಹೊರಬರುತ್ತಾರೆ. 'ನಮ್ಮ ಕೊಂಡಕ್ಕೆ ವಿವರಣೆ ಇದೆಯಲ್ಲ, ಇದಕ್ಕೂ ಅದೇ ಇರಬೇಕು' ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕುಲುಮೆಯೊಳಗಿನ ಬಿಸಿಗಾಳಿಗೂ ಕ್ಷಣಮಾತ್ರ ತಾಗುವ ಕೆಂಡಕ್ಕೂ ಸಂಬಂಧವಿಲ್ಲ. ಮೇಲಾಗಿ ಅಲ್ಲಿ ಅಳೆಯಲು ಘಟನೆಯೇ ಇಲ್ಲ, ಇರುವುದು ಒಂದು ಪಠ್ಯ.

ತಲಕಾಡು: ಕುರುಹು ಇದೆ, ಕಥೆಯೂ ಇದೆ

ಮಳವಳ್ಳಿ ತಾಲ್ಲೂಕಿನ ಅಂಚಿಗೆ ಹತ್ತಿರದಲ್ಲೇ, ಮೈಸೂರು ಜಿಲ್ಲೆಗೆ ಸೇರಿದ ತಲಕಾಡು ಇದೆ. ಅದರ ಕಥೆ ನಿಮಗೆ ಗೊತ್ತು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲರಾಜನಿಂದ ಶ್ರೀರಂಗಪಟ್ಟಣವನ್ನು ಪಡೆದರು. ಆತನ ಪತ್ನಿ ಅಲಮೇಲಮ್ಮ ಒಡವೆಗಳೊಡನೆ ಮಾಲಂಗಿಯ ಬಳಿ ಕಾವೇರಿಗೆ ಹಾರುವಾಗ ಮೂರು ಶಾಪ ಕೊಟ್ಟಳಂತೆ: ತಲಕಾಡು ಮರಳಾಗಬೇಕು, ಮಾಲಂಗಿ ಮಡುವಾಗಬೇಕು, ಮೈಸೂರು ದೊರೆಗಳಿಗೆ ಮಕ್ಕಳಾಗಬಾರದು.

ಇಲ್ಲಿ ಮರಳು ಕಥೆಯಲ್ಲ, ವಾಸ್ತವ. ಗಂಗರ ರಾಜಧಾನಿಯಾಗಿದ್ದ ಊರು ಮರಳಗುಡ್ಡದಡಿ ಹೂತುಹೋಗಿದೆ. ಹೊಯ್ಸಳ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯವನ್ನು ಮರಳು ತೆಗೆದೇ ಬಿಡಿಸಬೇಕಾಯಿತು. ಬ್ರಿಟಿಷರ ಕಾಲದ ಗೆಜೆಟಿಯರ್ ಪ್ರಕಾರ ಮರಳದಿಬ್ಬಗಳು ವರ್ಷಕ್ಕೆ 9–10 ಅಡಿಯಂತೆ, ಮುಖ್ಯವಾಗಿ ನೈರುತ್ಯ ಮಾನ್ಸೂನಿನ ಕಾಲದಲ್ಲಿ, ಊರಿನ ಕಡೆಗೆ ಸರಿಯುತ್ತಿದ್ದವು. ಜನ ಮನೆ ಬಿಟ್ಟು ಹಿಂದೆ ಹಿಂದೆ ಹೋಗುತ್ತಿದ್ದರು. ಈ ವಾಕ್ಯವನ್ನು ಗಮನಿಸಿ. ಶಾಪ ಒಂದು ಕ್ಷಣದ್ದು. ಮರಳಿನದು ತಲೆಮಾರುಗಳ ನಡಿಗೆ. ವರ್ಷಕ್ಕೆ 3 ಮೀಟರ್ ಎಂದರೆ 300 ವರ್ಷಕ್ಕೆ 900 ಮೀಟರ್ ಆಯಿತು.

ಮರಳು ಹೇಗೆ ನಡೆಯುತ್ತದೆ? ಒಣಗಿದ ಮರಳ ಕಣಗಳು ಗಾಳಿಗೆ ಎದ್ದು, ಸ್ವಲ್ಪ ದೂರ ನೆಗೆದು ಬಿದ್ದು, ಬಿದ್ದಲ್ಲಿ ಬೇರೆ ಕಣಗಳನ್ನು ಎಬ್ಬಿಸುತ್ತವೆ. ಮರುಭೂಮಿಗಳಲ್ಲಿ ಇದನ್ನು ಅಭ್ಯಸಿಸಿದ ರಾಲ್ಫ್ ಬ್ಯಾಗ್ನಾಲ್ಡ್ 1941ರ ತಮ್ಮ ಗ್ರಂಥದಲ್ಲಿ ತೋರಿಸಿದಂತೆ, ಗಾಳಿ ಸಾಗಿಸುವ ಮರಳಿನ ಪ್ರಮಾಣ ಸರಿಸುಮಾರು ಅದರ ವೇಗದ ಘನಕ್ಕೆ ಅನುಗುಣ. ವೇಗ ಎರಡರಷ್ಟಾದರೆ ಮರಳು ಎಂಟರಷ್ಟು! ಮಾಲಂಗಿಯ ಮಡುವಿಗೂ ಇದೇ ನದಿಯನ್ನು ಕೇಳಬೇಕು. ತಲಕಾಡಿನ ಬಳಿ ಕಾವೇರಿ ತಿರುವು ತೆಗೆದುಕೊಳ್ಳುತ್ತದೆ. ತಿರುವಿನ ಒಳಬದಿಯಲ್ಲಿ ಹರಿವು ನಿಧಾನವಾಗಿ ಮರಳು ನಿಲ್ಲುತ್ತದೆ, ಹೊರಬದಿಯಲ್ಲಿ ವೇಗ ಹೆಚ್ಚಿ ದಂಡೆ ಕೊರೆದು ಮಡುವಾಗುತ್ತದೆ. ಒಂದು ದಡದಲ್ಲಿ ಮರಳು, ಎದುರು ದಡದಲ್ಲಿ ಮಡು: ಇವು ಎರಡು ಶಾಪಗಳಲ್ಲ, ಒಂದೇ ತಿರುವಿನ ಎರಡು ಬದಿ ಇರಬಹುದು.

ಆದರೆ ಇಷ್ಟೊಂದು ಮರಳು ಬಯಲಾದದ್ದು ಏಕೆ? ಇಲ್ಲಿ ವಿಜ್ಞಾನಿಗಳ ನಡುವೆ ಬೇರೆ ಬೇರೆ ವಾದಗಳಿವೆ. ಕೃಷಿ ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯ ಅವರು ವಿಜಯನಗರ ಕಾಲದ ಮಾಧವಮಂತ್ರಿ ಅಣೆಕಟ್ಟೆಯ ಕಡೆಗೆ ಬೆರಳು ತೋರಿಸುತ್ತಾರೆ. ಅಣೆಯಿಂದ ನೀರು ನಾಲೆಗೆ ತಿರುಗಿ, ನದಿಯ ಪಾತ್ರದ ಮರಳು ಒಣಗಿ ಗಾಳಿಗೆ ಸಿಕ್ಕಿತು ಎಂಬುದು ವಾದ. ಭೂವಿಜ್ಞಾನಿ ಕೆ.ಎಸ್. ವಾಲ್ದಿಯ ಅವರು ಮೈಸೂರು ಪ್ರಸ್ಥಭೂಮಿಯ ಸ್ತರಭಂಗಗಳ ಚಲನೆ ಇಲ್ಲಿನ ನದಿಗಳ ಹರಿವನ್ನೇ ಬದಲಿಸಿತು ಎಂದು ವಾದಿಸಿದವರು.

ಎರಡೂ ಸಹಜ ಕಾರಣಗಳೇ. ಹಾಗೆಂದು ಎರಡನ್ನೂ ಒಟ್ಟಿಗೆ ಒಪ್ಪಿ ಚಪ್ಪಾಳೆ ತಟ್ಟುವಂತಿಲ್ಲ. ಅಣೆ ಮುಖ್ಯ ಕಾರಣವಾಗಿದ್ದರೆ ಊರಿನ ಮೇಲಿನ ಮರಳೆಲ್ಲ ಅಣೆ ಕಟ್ಟಿದ ನಂತರದ್ದಾಗಿರಬೇಕು. ನೆಲದ ಚಲನೆ ಮುಖ್ಯ ಕಾರಣವಾಗಿದ್ದರೆ ಅದಕ್ಕೂ ಹಿಂದಿನ ಮರಳಪದರಗಳೂ ನಿಂತ ನೀರಿನ ಜೇಡಿಯೂ ಸಿಗಬೇಕು. ಇದನ್ನು ತೀರ್ಮಾನಿಸಲು ಉಪಾಯವಿದೆ. ಮರಳಿನ ಬೆಣಚುಕಲ್ಲಿನ ಕಣ ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂಬುದನ್ನು ಅದರಲ್ಲಿ ಸಂಚಯವಾದ ವಿಕಿರಣ ಶಕ್ತಿಯಿಂದ ಅಳೆಯುವ ದೀಪ್ತಿ ಕಾಲಮಾಪನ ವಿಧಾನ ಅದು. ಮರಳು 1610ಕ್ಕಿಂತ ಹಳೆಯದೆಂದು ತೋರಿದರೆ ಶಾಪ ಮೊದಲೋ ಮರಳು ಮೊದಲೋ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಂತೆ. ತಲಕಾಡಿನ ವಾದಗಳು ಸೋಲಲು ಸಿದ್ಧವಾಗಿವೆ. ಅದೇ ಅವುಗಳ ಗೌರವ.

ಮೂರನೆಯ ಶಾಪ: ವಿವರಿಸುವ ಮೊದಲು ಎಣಿಸಿ

ದೊರೆಗಳ ಸಂತಾನದ ವಿಷಯಕ್ಕೆ ಬಂದಾಗ ನಾವು ಎಡವುತ್ತೇವೆ. ರಕ್ತಸಂಬಂಧದ ಮದುವೆ, ವಂಶವಾಹಿ ದೋಷ ಎಂದು ಜೀವವಿಜ್ಞಾನದ ಕಾರಣ ಹುಡುಕತೊಡಗುತ್ತೇವೆ. ತಾಳಿ! ವಿವರಿಸಬೇಕಾದ ಸಂಗತಿ ನಿಜವಾಗಿ ಇದೆಯೇ?

ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದರು. ಅವರ ನಂತರ ಮಗ ಎರಡನೇ ಕಂಠೀರವ ನರಸರಾಜ, 1714ರಲ್ಲಿ ಮೊಮ್ಮಗ ದೊಡ್ಡ ಕೃಷ್ಣರಾಜ ಪಟ್ಟಕ್ಕೆ ಬಂದರು. ತಂದೆ, ಮಗ, ಮೊಮ್ಮಗ, ಮೂರು ತಲೆಮಾರು ಸಾಲಾಗಿ! 1894ರಲ್ಲಿ ತೀರಿಕೊಂಡ ಹತ್ತನೇ ಚಾಮರಾಜ ಒಡೆಯರಿಗೆ ಇಬ್ಬರು ಗಂಡುಮಕ್ಕಳಿದ್ದರು. ಜಯಚಾಮರಾಜ ಒಡೆಯರಿಗೆ 1953ರಲ್ಲಿ ಮಗ ಹುಟ್ಟಿದ. 2015ರಲ್ಲಿ ದತ್ತು ಬಂದ ಯದುವೀರ ಒಡೆಯರಿಗೆ 2017ರಲ್ಲಿ ಗಂಡುಮಗುವಾಯಿತು. ದತ್ತುಗಳೂ ಇವೆ, ನಿಜ. ಆದರೆ ಶಾಪಕ್ಕೆ ಒಗ್ಗದ ಉದಾಹರಣೆ ಬಂದಾಗಲೆಲ್ಲ 'ಶಾಪ ಒಂದು ತಲೆಮಾರು ಬಿಟ್ಟು ಒಂದಕ್ಕೆ ತಟ್ಟುತ್ತದೆ', 'ದತ್ತು ಬಂದವರಿಗೆ ತಟ್ಟುವುದಿಲ್ಲ' ಎಂದು ನಿಯಮ ಸಡಿಲಿಸಿದರೆ ಅದನ್ನು ಯಾವ ಪುರಾವೆಯೂ ಸೋಲಿಸಲಾರದು.

ಹೋಲಿಕೆಗೆ ಬೇರೆ ಮನೆತನಗಳನ್ನೂ ನೋಡಿ. ಡಾಲ್‌ಹೌಸಿಯ ಕಾಲದಲ್ಲಿ ಸತಾರಾ, ನಾಗಪುರ, ಝಾನ್ಸಿ ಸಂಸ್ಥಾನಗಳನ್ನು ಕಂಪನಿ ಸರ್ಕಾರ ಕಬಳಿಸಿದ್ದು ಅಲ್ಲಿನ ಅರಸರಿಗೆ ಔರಸ ಪುತ್ರರಿಲ್ಲ ಎಂಬ ನೆಪದಿಂದ. ಅವರಿಗೆ ಶಾಪ ಕೊಟ್ಟ ಅಲಮೇಲಮ್ಮ ಯಾರು? ಮಕ್ಕಳ ಮರಣ ಹೆಚ್ಚಾಗಿದ್ದ ಕಾಲದಲ್ಲಿ ಗಂಡು ಉತ್ತರಾಧಿಕಾರಿ ಉಳಿಯದಿರುವುದು ಯಾವ ಅರಮನೆಯಲ್ಲೂ ಅಪರೂಪವಾಗಿರಲಿಲ್ಲ. ಇಲ್ಲಿ ಬೇಕಾದದ್ದು ವಂಶವಾಹಿಯ ಸಿದ್ಧಾಂತವಲ್ಲ, ಎಣಿಕೆ ಮತ್ತು ಹೋಲಿಕೆ.

ಕೆಂಪು ಸಮುದ್ರ: ಕಥೆಗೆ ಗಣಿತ

ಇನ್ನು ಮೂರನೆಯ ಜಾತಿ. ವಿಮೋಚನಕಾಂಡದ 14ನೇ ಅಧ್ಯಾಯದ ಪ್ರಕಾರ ಮೋಶೆ ಕೈಚಾಚಿದಾಗ ರಾತ್ರಿಯಿಡೀ ಬಲವಾದ ಮೂಡಣ ಗಾಳಿ ಬೀಸಿ ಸಮುದ್ರ ಇಬ್ಭಾಗವಾಯಿತು. ಇಸ್ರಾಯೇಲ್ಯರು ದಾಟಿದರು, ಬೆನ್ನಟ್ಟಿ ಬಂದ ಫರೋಹನ ಸೇನೆ ಮುಳುಗಿತು. 1992ರಲ್ಲಿ ಡೊರೊನ್ ನೋಫ್ ಮತ್ತು ನೇಥನ್ ಪಾಲ್ಡೋರ್ ಎಂಬ ಸಾಗರ ವಿಜ್ಞಾನಿಗಳು ಇದನ್ನು ಸೂಯೆಜ್ ಕೊಲ್ಲಿಯ ಮೇಲೆ ಬೀಸಿದ ಗಾಳಿಯಿಂದ ವಿವರಿಸಿದರು. 2010ರಲ್ಲಿ ಕಾರ್ಲ್ ಡ್ರೂಸ್ ಮತ್ತು ವೀಕಿಂಗ್ ಹಾನ್ ಅದೇ ಘಟನೆಯನ್ನು ನೈಲ್ ಮುಖಜಭೂಮಿಯ ಒಂದು ಆಳವಿಲ್ಲದ ಸರೋವರಕ್ಕೆ ಸಾಗಿಸಿ ಕಂಪ್ಯೂಟರ್ ಮಾದರಿ ಕಟ್ಟಿದರು. ಸೆಕೆಂಡಿಗೆ 28 ಮೀಟರ್ ವೇಗದ ಗಾಳಿ 12 ಗಂಟೆ ಬೀಸಿದರೆ ಸುಮಾರು 2 ಮೀಟರ್ ಆಳದ ನೀರು ಸರಿದು, 4 ಗಂಟೆಗಳ ಕಾಲ ಒಣದಾರಿ ತೆರೆಯುತ್ತದೆ ಎಂದು ತೋರಿಸಿದರು.

ಇದರ ಭೌತವಿಜ್ಞಾನದಲ್ಲಿ ದೋಷವಿಲ್ಲ. ಆಷಾಢದ ಗಾಳಿ ಹರವಾದ ಕೆರೆಯ ನೀರನ್ನು ಒಂದು ದಂಡೆಗೆ ತಳ್ಳುತ್ತದೆ. ಮದ್ದೂರು ತಾಲ್ಲೂಕಿನ ಸೂಳೆಕೆರೆಯಂಥ ಕೆರೆಯೊಂದನ್ನು ಕಣ್ಮುಂದೆ ತಂದುಕೊಳ್ಳಿ. ಲೆಕ್ಕಕ್ಕಾಗಿ ಅದರ ಉದ್ದ 2 ಕಿಲೋಮೀಟರ್, ಆಳ 2 ಮೀಟರ್, ಗಾಳಿಯ ವೇಗ ಸೆಕೆಂಡಿಗೆ 10 ಮೀಟರ್ ಎಂದಿರಲಿ. ಎರಡು ತುದಿಗಳ ನೀರಿನ ಮಟ್ಟದಲ್ಲಿ ಬರುವ ವ್ಯತ್ಯಾಸ ಒಂದೂವರೆ ಸೆಂಟಿಮೀಟರ್ ಅಷ್ಟೆ. ಆದರೆ ಈ ವ್ಯತ್ಯಾಸ ಗಾಳಿಯ ವೇಗದ ವರ್ಗಕ್ಕೂ ನೀರಿನ ಹರವಿಗೂ ಅನುಗುಣವಾಗಿ ಹೆಚ್ಚುತ್ತದೆ, ಆಳಕ್ಕೆ ವಿಲೋಮವಾಗಿರುತ್ತದೆ. ಜೊತೆಗೆ ಬಿರುಗಾಳಿ ಎಬ್ಬಿಸಿದ ಅಲೆಗಳಿಂದ ನೀರಿನ ಮೇಲೆ ಗಾಳಿಯ ಹಿಡಿತವೂ ಬಿಗಿಯಾಗುತ್ತದೆ. ಹರವು 20 ಕಿಲೋಮೀಟರ್, ವೇಗ 28 ಮೀಟರ್ ಆದರೆ ವ್ಯತ್ಯಾಸ ಸುಮಾರು 2 ಮೀಟರ್ ತಲುಪುತ್ತದೆ. 1882ರಲ್ಲಿ ನೈಲ್ ಮುಖಜಭೂಮಿಯ ಮಂಜಾಲಾ ಸರೋವರದಲ್ಲಿ ಗಾಳಿ ಹೀಗೆ ನೀರನ್ನು ಸರಿಸಿದ್ದನ್ನು ಬ್ರಿಟಿಷ್ ಸೇನಾಧಿಕಾರಿಯೊಬ್ಬರು ಕಂಡು ಬರೆದಿದ್ದಾರೆ.

ಹಾಗಾದರೆ ತಕರಾರು ಏನು? ಗಾಳಿ ನೀರನ್ನು ಸರಿಸಬಲ್ಲದು ಎಂಬುದನ್ನು ಮಾದರಿ ತೋರಿಸಿತು. ಮೋಶೆ ದಾಟಿದ ಎಂಬುದನ್ನು ತೋರಿಸಲಿಲ್ಲ. ಒಂದು ಮಾದರಿ ಕೊಲ್ಲಿಯಲ್ಲಿ, ಇನ್ನೊಂದು ಸರೋವರದಲ್ಲಿ. ಘಟನೆಯ ಸ್ಥಳವೇ ವಿವರಣೆಗೆ ತಕ್ಕಂತೆ ಬದಲಾಗುತ್ತದೆ. ತಲಕಾಡಿನ ಮರಳನ್ನು ಹೀಗೆ ಬೇಕಾದ ಕಡೆಗೆ ಹೊತ್ತೊಯ್ಯಲು ಸಾಧ್ಯವೇ? ಸೆಕೆಂಡಿಗೆ 28 ಮೀಟರ್ ಎಂದರೆ ಗಂಟೆಗೆ ಸುಮಾರು 100 ಕಿಲೋಮೀಟರ್. ಪೂರ್ವಕ್ಕೆ ಹೊರಟ ಜನ ಮಕ್ಕಳು, ಮುದುಕರು, ದನಕರುಗಳೊಡನೆ ಆ ಗಾಳಿಗೆ ಎದುರಾಗಿ ನಡೆಯಬೇಕು. ಗ್ರಂಥವೇ ಹೇಳುವಂತೆ ಗಂಡಸರೇ 6 ಲಕ್ಷ! ಅಷ್ಟು ದೊಡ್ಡ ಜನಸಮೂಹ ಸಿನಾಯ್ ಮರುಭೂಮಿಯಲ್ಲಿ ಅಲೆದುದಕ್ಕೆ ಉತ್ಖನನಗಳಲ್ಲಿ ಪುರಾವೆ ದೊರೆತಿಲ್ಲ.

ನೈಲ್ ನದಿ ರಕ್ತವಾದ ಕಥೆಗೂ ಹೀಗೇ. 1957–58ರಲ್ಲಿ ಗ್ರೇಟಾ ಹಾರ್ಟ್ ಎಂಬ ವಿದ್ವಾಂಸೆ ಈಜಿಪ್ಟಿನ ಪಿಡುಗುಗಳನ್ನು ಒಂದು ಸರಪಳಿಯಾಗಿ ಪೋಣಿಸಿದರು. ಕೆಂಪು ಮಣ್ಣು ಮತ್ತು ಸೂಕ್ಷ್ಮಜೀವಿಗಳಿಂದ ನೀರು ಕೆಂಪಾಯಿತು, ಮೀನು ಸತ್ತವು, ಕಪ್ಪೆಗಳು ದಡಕ್ಕೆ ಬಂದವು, ನೊಣ ಹೆಚ್ಚಿತು, ದನಗಳಿಗೆ ರೋಗ ಬಂತು. ಪ್ರತಿ ಕೊಂಡಿಯೂ ಸಾಧ್ಯವೇ. ಆದರೆ ಒಂದೊಂದು ಕೊಂಡಿಗೂ ಅರ್ಧದಷ್ಟು ಸಂಭವನೀಯತೆ ಕೊಟ್ಟರೂ ಒಂಬತ್ತು ಕೊಂಡಿಗಳು ಸಾಲಾಗಿ ನಿಲ್ಲುವ ಸಂಭವ 512ರಲ್ಲಿ ಒಂದು. ಹತ್ತನೆಯದಾದ ಚೊಚ್ಚಲು ಮಕ್ಕಳ ಸಾವು ಈ ಸರಪಳಿಗೆ ಒಗ್ಗುವುದೇ ಇಲ್ಲ. 2001ರಲ್ಲಿ ಕೇರಳದಲ್ಲಿ ಕೆಂಪು ಮಳೆ ಬಿದ್ದಾಗ ವಿಜ್ಞಾನಿಗಳ ಕೈಯಲ್ಲಿ ನೀರಿನ ಮಾದರಿ ಇತ್ತು. ಅದರಲ್ಲಿ ಟ್ರೆಂಟೆಪೋಲಿಯ ಎಂಬ ಪಾಚಿಯ ಬೀಜಾಣುಗಳನ್ನು ಕಂಡರು. ನೈಲ್ ಕಥೆಯಲ್ಲಿ ಶೀಸೆಯಲ್ಲಿ ಹಿಡಿದಿಟ್ಟ ನೀರು ಎಲ್ಲಿದೆ?

ಅತ್ಯುತ್ತಮ ಪಾಠ ಯೆರಿಕೋ ಪಟ್ಟಣದ್ದು. ಕೊಂಬು ಊದಿದಾಗ ಅದರ ಗೋಡೆಗಳು ಬಿದ್ದವು ಎಂದು ಕಥೆ. ಆ ಪ್ರದೇಶ ಭೂಕಂಪ ವಲಯವಾದ್ದರಿಂದ ಭೂಕಂಪವೇ ಕಾರಣವೆಂದು ಹಲವರು ವಿವರಿಸಿದರು. 1952ರಿಂದ 1958ರವರೆಗೆ ಅಲ್ಲಿ ಅಗೆದ ಕ್ಯಾಥ್ಲೀನ್ ಕೆನ್ಯನ್ ಆ ಕೋಟೆಪಟ್ಟಣ ಕ್ರಿ.ಪೂ. 1550ರ ಸುಮಾರಿಗೇ ನಾಶವಾಗಿತ್ತೆಂದು ಕಂಡರು. ಯೆಹೋಶುವನ ಕಾಲವೆಂದು ಸಾಮಾನ್ಯವಾಗಿ ಹೇಳುವ ಕ್ರಿ.ಪೂ. 13ನೇ ಶತಮಾನದಲ್ಲಿ ಬೀಳಲು ಗೋಡೆಯೇ ಇರಲಿಲ್ಲ! ಇಲ್ಲದ ಗೋಡೆಯನ್ನು ಬೀಳಿಸಲು ಭೂಕಂಪ ಏಕೆ?

ಹಲಗೂರಿನ ಕಬ್ಬಿಣ

ಹಾಗಾದರೆ ಕಥೆಗಳನ್ನು ಮೂಲೆಗೆ ಎಸೆಯಬೇಕೇ? ಬೇಡ. ಮಳವಳ್ಳಿ ತಾಲ್ಲೂಕಿನ ಹಲಗೂರನ್ನು ನೆನೆಯಿರಿ. ಮಂಟೇಸ್ವಾಮಿ ಮಹಾಕಾವ್ಯದಲ್ಲಿ ಸಿದ್ದಪ್ಪಾಜಿ ಗುರುವಿನ ಅಪ್ಪಣೆಯಂತೆ ಕಬ್ಬಿಣದ ಭಿಕ್ಷೆಗೆ ಹಲಗೂರಿನ ಪಾಂಚಾಳರ ಬಳಿಗೆ ಬರುತ್ತಾರೆ. ಅವರು ಒಡ್ಡಿದ ಪರೀಕ್ಷೆಗಳನ್ನು ಪವಾಡಗಳಿಂದ ಗೆಲ್ಲುತ್ತಾರೆ. ಆ ಪವಾಡಗಳಿಗೆ ರಸಾಯನ ವಿಜ್ಞಾನ ಹಚ್ಚಲು ಹೊರಟರೆ ಕೆಂಪು ಸಮುದ್ರದವರ ತಪ್ಪನ್ನೇ ನಾವೂ ಮಾಡಿದಂತೆ. ನೀಲಗಾರರು ತಂಬೂರಿ ಹಿಡಿದು ಹಾಡುವ ಆ ಕಾವ್ಯ ಪ್ರಯೋಗಾಲಯದ ವರದಿಯಲ್ಲ.

ಆದರೆ ಪವಾಡದ ಪಕ್ಕದಲ್ಲಿ, ಯಾರೂ ಬೆರಗಾಗದ ಒಂದು ಸಂಗತಿ ಇದೆ: ಕಬ್ಬಿಣ ಬೇಕಾದರೆ ಹಲಗೂರಿಗೆ ಹೋಗಬೇಕಿತ್ತು. ಹಳೆಯ ಮೈಸೂರು ಗೆಜೆಟಿಯರ್‌ಗಳು ಕಬ್ಬಿಣ ಕರಗಿಸುತ್ತಿದ್ದ ತಾಲ್ಲೂಕುಗಳ ಸಾಲಿನಲ್ಲಿ ಮಳವಳ್ಳಿಯನ್ನೂ ಹೆಸರಿಸುತ್ತವೆ. ಇದು ಪರೀಕ್ಷೆಗೆ ಸಿಗುವ ಮಾತು. ಹೊಲದ ಬದುವಿನಲ್ಲಿ ಕಬ್ಬಿಣದ ಕಿಟ್ಟ ಸಿಗುತ್ತದೆಯೇ? ಕುಲುಮೆಯ ಸುಟ್ಟ ಮಣ್ಣು ಉಳಿದಿದೆಯೇ? ಕಿಟ್ಟದಲ್ಲಿ ಸಿಕ್ಕಿಬಿದ್ದ ಇದ್ದಿಲಿನ ಚೂರನ್ನು ಇಂಗಾಲದ ಕಾಲಮಾಪನದಿಂದ ಅಳೆಯಬಹುದು. ಪವಾಡ ಬಿಟ್ಟು ಅದರ ಸುತ್ತಲಿನ ಬದುಕನ್ನು ಓದಿದಾಗ ಕಥೆ ವಿಜ್ಞಾನಕ್ಕೆ ದಾರಿ ತೋರುತ್ತದೆ. ಹೀಬ್ರೂ ಗ್ರಂಥದಲ್ಲೂ ಹಾಗೆಯೇ. ಆಕಾಶದಿಂದ ಬಿದ್ದ 'ಮನ್ನ' ಎಂಬ ಆಹಾರದ ಜಾಡು ಹಿಡಿದು 1927ರಲ್ಲಿ ಸಿನಾಯ್‌ಗೆ ಹೋದ ಕೀಟವಿಜ್ಞಾನಿ ಬೋಡೆನ್‌ಹೈಮರ್, ಟ್ಯಾಮರಿಸ್ಕ್ ಗಿಡದ ಮೇಲಿನ ಶಲ್ಕಕೀಟಗಳು ಸಿಹಿಯಾದ ಹನಿ ಸುರಿಸುವುದನ್ನು ಅಭ್ಯಸಿಸಿದರು. ಒಂದು ಜನಾಂಗಕ್ಕೆ ನಲವತ್ತು ವರ್ಷ ಊಟ ಹಾಕುವಷ್ಟು ಅದು ಸಿಗಲಾರದು. ಆದರೆ ಮರುಭೂಮಿಯ ಜನಕ್ಕೆ ಆ ಸಿಹಿಯ ಪರಿಚಯವಿತ್ತು ಎಂಬುದು ತಿಳಿಯುತ್ತದೆ.

ತರಗತಿಯಲ್ಲಿ

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯ ಅವರು ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ಹಿಡಿದ ದಾರಿ ಸರಳವಾಗಿತ್ತು: ಮೊದಲು ಪರಿಶೀಲನೆ, ವಿವರಣೆ ಆಮೇಲೆ. ಈ ಕ್ರಮ ತಿರುಗುಮುರುಗಾದರೆ ನಷ್ಟ ಯಾರಿಗೆ? ನಮ್ಮ ವಿದ್ಯಾರ್ಥಿಗಳಿಗೆ. ನಾವು 'ಗಾಳಿಯಿಂದ ಸಮುದ್ರ ಸರಿದಿರಬಹುದು' ಎಂದು ಹೇಳಿದ್ದು ಅವರ ಕಿವಿಗೆ 'ಸಮುದ್ರ ಸರಿದದ್ದನ್ನು ವಿಜ್ಞಾನ ಸಾಬೀತು ಮಾಡಿದೆ' ಎಂದು ಬೀಳುತ್ತದೆ. ಇಂದು ಪ್ರತಿ ಆಚಾರಕ್ಕೂ, ಪ್ರತಿ ಪುರಾಣಕ್ಕೂ 'ವೈಜ್ಞಾನಿಕ ಕಾರಣ' ಹಂಚುವ ಮಾತುಗಳು ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತಿವೆ. ಅವುಗಳಿಗೂ ಅವಸರದ ವಿಚಾರವಾದಕ್ಕೂ ವಿಧಾನದಲ್ಲಿ ವ್ಯತ್ಯಾಸವಿಲ್ಲ. ಎರಡೂ ಕಥೆಯನ್ನು ಘಟನೆ ಎಂದು ಒಪ್ಪಿಕೊಂಡೇ ಹೊರಡುತ್ತವೆ. ನಂಬುವವರಿಗೂ ಇದರಿಂದ ನ್ಯಾಯವಾಗುವುದಿಲ್ಲ. ಅವರಿಗೆ ಕೆಂಪು ಸಮುದ್ರ ದೇವರ ಕರುಣೆಯ ಕಥೆ, ಹವಾಮಾನ ವರದಿಯಲ್ಲ.

ಮುಂದಿನ ಬಾರಿ ಆ ಪ್ರಶ್ನೆ ಬಂದಾಗ ಉತ್ತರ ಕೊಡುವ ಬದಲು ಮೂರು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆಯಿರಿ. ಒಂದು: ಕಥೆಯ ಹೊರಗೆ ವಿವರಿಸಬೇಕಾದ್ದು ಏನಾದರೂ ಇದೆಯೇ? ಎರಡು: ಈ ವಿವರಣೆ ತಪ್ಪಾಗಿದ್ದರೆ ಅದು ನಮಗೆ ಹೇಗೆ ತಿಳಿಯುತ್ತದೆ? ಮೂರು: ಇದೇ ಸಂಗತಿ ಶಾಪವಿಲ್ಲದ, ಹರಕೆಯಿಲ್ಲದ ಕಡೆಯೂ ನಡೆಯುತ್ತದೆಯೇ? ಕೊಂಡ ಮೂರನ್ನೂ ದಾಟುತ್ತದೆ. ತಲಕಾಡಿನ ಮರಳು ದಾಟುತ್ತದೆ, ದೊರೆಗಳ ಶಾಪ ಮೊದಲನೆಯದರಲ್ಲೇ ಎಡವುತ್ತದೆ. ಕೆಂಪು ಸಮುದ್ರವನ್ನು ನಿಮ್ಮ ವಿದ್ಯಾರ್ಥಿಗಳೇ ತೀರ್ಮಾನಿಸಲಿ. ಸಾಧ್ಯವಾದರೆ ಅವರನ್ನು ತಲಕಾಡಿಗೆ ಕರೆದೊಯ್ಯಿರಿ. ಒಂದು ಹಿಡಿ ಮರಳನ್ನು ಮಸೂರದಡಿ ನೋಡಲಿ, ದಿಬ್ಬದ ಯಾವ ಮುಖ ಕಡಿದಾಗಿದೆ ಎಂದು ಗುರುತಿಸಲಿ, ಗಾಳಿ ಬೀಸುವ ದಿಕ್ಕನ್ನು ಬರೆದುಕೊಳ್ಳಲಿ. ಅಲಮೇಲಮ್ಮನ ಕಥೆಯನ್ನು ಆಮೇಲೆ ಹೇಳಿ. ಮರಳನ್ನು ಅಳೆದು ಬಂದ ಮಕ್ಕಳು ಅದನ್ನು ಬೇರೆಯೇ ಕಿವಿಯಿಂದ ಕೇಳುತ್ತಾರೆ.